ಮೆಕ್ಸಿಕೊ ಸಿಟಿಯ ಲಾ ಮೆರ್ಸೆದ್ ಮಾರುಕಟ್ಟೆಯಲ್ಲಿ ತಿನ್ನುತ್ತಾ ತಿರುಗುವ ಟೂರ್: ಸಸ್ಯಾಹಾರಿಗಳು ಹೋಗಬಹುದಾ?

ಶಿರಸಿ_ಸಂಪಿಗೆ:

ಎಲ್ಲರಿಗೂ ನಮಸ್ಕಾರ. ಮಗಳು, ಅಳಿಯ ಟೆಕ್ಸಾಸ್‌ನಲ್ಲಿದ್ದಾರೆ. ಅಕ್ಟೋಬರ್ ಕೊನೆಗೆ ನಾನೂ ನಮ್ಮನೆಯವರೂ ಅಲ್ಲಿಗೆ ಹೊರಟಿದ್ದೇವೆ. ಅಲ್ಲಿಂದ ಮೂರ್ನಾಲ್ಕು ದಿನ ಮೆಕ್ಸಿಕೊ ಸಿಟಿ ತೋರಿಸುತ್ತೇನೆ ಅಂತ ಮಗಳ ಹಟ. ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡವಂತೆ. ಅದರ ತಲೆಬಿಸಿ ಇಲ್ಲ.

ತಲೆಬಿಸಿ ಇರುವುದು ಅವಳು ನೋಡಿಟ್ಟ ಒಂದು ಟೂರಿನದು. ಲಾ ಮೆರ್ಸೆದ್ ಅಂತ ಹಳೇ ಮಾರುಕಟ್ಟೆ, ಅದರ ಸುತ್ತಲಿನ ಬೀದಿಗಳು. ಗೈಡ್ ಒಬ್ಬರು ಏಳೆಂಟು ಜನರನ್ನು ಕಟ್ಟಿಕೊಂಡು ನಾಲ್ಕು ಗಂಟೆ ನಡೆಸುತ್ತಾರಂತೆ. ಅಲ್ಲಲ್ಲಿ ನಿಲ್ಲಿಸಿ ತಿನ್ನಿಸುತ್ತಾರಂತೆ. ತಲೆಗೆ ಹತ್ತಿರ ಹತ್ತಿರ ಏಳು ಸಾವಿರ ರೂಪಾಯಿ. ಪಟ್ಟಿಯಲ್ಲಿ ಹಂದಿಮಾಂಸದ ಟಾಕೊ, ಕಳ್ಳಿ ಪಲ್ಯ, ಹುರಿದ ಮಿಡತೆ ಎಲ್ಲ ಇದೆ. ಮಿಡತೆ ಓದಿ ನಮ್ಮನೆಯವರು ಒಂದು ಗಳಿಗೆ ಸುಮ್ಮನಾದರು.

ನಾನು ಈರುಳ್ಳಿ, ಬೆಳ್ಳುಳ್ಳಿ ತಿನ್ನುತ್ತೇನೆ. ಮೊಟ್ಟೆ, ಮೀನು, ಮಾಂಸ ಇಲ್ಲ. ಅಣಬೆ ಅಭ್ಯಾಸ ಇಲ್ಲ. ನಮ್ಮನೆಯವರು ಹೊರಗೆ ಹೋದಾಗ ಮೊಟ್ಟೆ ತಿನ್ನುತ್ತಾರೆ, ನಾನು ಆಗ ಬೇರೆ ಕಡೆ ನೋಡುತ್ತೇನೆ. ನನಗೆ ಸಂತೆ ಅಂದರೆ ಇಷ್ಟ. ಯಾವ ಊರಿಗೆ ಹೋದರೂ ದೇವಸ್ಥಾನ ಆದಮೇಲೆ ತರಕಾರಿ ಸಾಲು ನೋಡದೆ ಬರುವವಳಲ್ಲ. ಆದರೆ ಅಷ್ಟು ದುಡ್ಡು ಕೊಟ್ಟು ಬರೀ ಬೇರೆಯವರು ತಿನ್ನುವುದನ್ನು ನೋಡಬೇಕಾ? ಹೋಗಿ ಬಂದವರು ಹೇಳಿ. ಮಂಡಿ ಸ್ವಲ್ಪ ಕೈಕೊಡುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಬೇಲೆಕೇರಿ_ಗಾಳಿ:

ಸಂತೆ ತಿರುಗಿಸಲು ಏಳು ಸಾವಿರವಾ ಮಾರಾಯ್ರೆ? ಅಲ್ಲಿ ಮೆಟ್ರೊ ಟಿಕೆಟ್ 5 ಪೆಸೊ. ಲೈನ್ ಒಂದರಲ್ಲಿ ಮೆರ್ಸೆದ್ ಅಂತಲೇ ಸ್ಟೇಷನ್ ಇದೆ. ಇಳಿದರೆ ಮಾರುಕಟ್ಟೆ. ನೀವೇ ಹೋಗಿ, ನೀವೇ ನೋಡಿ, ಹಣ್ಣು ತಿಂದು ಬನ್ನಿ. ಮಗಳಿಗೆ ಸ್ಪ್ಯಾನಿಷ್ ಸ್ವಲ್ಪ ಬಂದರೆ ಸಾಕಲ್ವಾ?

ಕೋಡಿಬಾಗದವ:

ಸಂಪಿಗೆ ಅಕ್ಕ, ಧೈರ್ಯವಾಗಿ ಹೋಗಿ. ಟೂರ್ ತಗೊಂಡೇ ಹೋಗಿ. ಬೇಲೆಕೇರಿಯವರ ಮಾತಿಗೆ ಕೊನೆಗೆ ಬರುತ್ತೇನೆ.

ನಾನು ಕಾರವಾರದವನು. ಕಂಪನಿ ಕೆಲಸಕ್ಕೆ ಆ ಊರಲ್ಲಿ ಕೆಲವು ವರ್ಷ ಇದ್ದೆ. ನನಗೆ ಮೀನಿಲ್ಲದೆ ಅನ್ನ ಇಳಿಯುವುದಿಲ್ಲ. ಆದರೆ ಮನೆಯವಳು ಕುಮಟಾ ಕಡೆಯವಳು, ಪಕ್ಕಾ ಸಸ್ಯಾಹಾರಿ. ಹಾಗಾಗಿ ನಿಮ್ಮ ಪ್ರಶ್ನೆ ನಮ್ಮ ಮನೆಯ ದಿನದ ಪ್ರಶ್ನೆಯೇ ಆಗಿತ್ತು. ಮೊದಲು ಇಬ್ಬರೂ ಗೈಡ್ ಜೊತೆ ಹೋದೆವು. ಆಮೇಲೆ ಊರಿಂದ ಯಾರೇ ಬಂದರೂ ನಾನೇ ಕರೆದುಕೊಂಡು ಹೋಗುತ್ತಿದ್ದೆ.

ಮೊದಲು ಜಾಗದ ವಿಷಯ. ಸೊಕಾಲೊ ದೊಡ್ಡ ಚೌಕದಿಂದ ಪೂರ್ವಕ್ಕೆ ನಡೆದೇ ಹೋಗಬಹುದು. ಹಿಂದೆ ಅಲ್ಲೊಂದು ಕ್ರೈಸ್ತ ಮಠ ಇತ್ತು, ಹೆಸರು ಅದರದೇ. 1860ರ ದಶಕದಲ್ಲಿ ಮಠ ಕೆಡವಿದರು. ಒಳಾಂಗಣದ ಕಂಬಸಾಲು ಮಾತ್ರ ಉಳಿದಿದೆ. ಈಗಿನ ಉದ್ದನೆಯ ಮಾರುಕಟ್ಟೆ ಕಟ್ಟಡ 1957ರದು. ಇಡೀ ನಗರದ ಸಗಟು ವ್ಯಾಪಾರ ಅಲ್ಲೇ ನಡೆಯುತ್ತಿತ್ತು. 1982ರಲ್ಲಿ ನಗರದ ಇನ್ನೊಂದು ಭಾಗ ಇಸ್ತಪಲಾಪಾದಲ್ಲಿ ದೊಡ್ಡ ಸಗಟು ಮಾರುಕಟ್ಟೆ ಶುರುವಾಗಿ ಲಾರಿಗಳು ಅತ್ತ ಹೋದವು. ಚಿಲ್ಲರೆಯವರು ಇಲ್ಲೇ ಉಳಿದರು. ನಮ್ಮಂಥವರಿಗೆ ಅದೇ ಒಳ್ಳೆಯದಾಯಿತು. ಕಾಲು ಕೇಜಿ ಕೇಳಿದರೂ ಯಾರೂ ಮುಖ ತಿರುಗಿಸುವುದಿಲ್ಲ.

ಒಳಗೆ ಹೋದ ತಕ್ಷಣ ಗಮನ ಇಡಬೇಕಾದ್ದು ಕೈಗಾಡಿಯವರ ಮೇಲೆ. ತಲೆಗಿಂತ ಎತ್ತರ ಪೆಟ್ಟಿಗೆ ಪೇರಿಸಿಕೊಂಡು, 'ಗೋಲ್ಪೆ, ಗೋಲ್ಪೆ' ಅಂತ ಕೂಗುತ್ತಾ ನುಗ್ಗುತ್ತಾರೆ. ಪೆಟ್ಟು ಬೀಳುತ್ತದೆ, ಸರಿಯಿರಿ ಅಂತ. ಕೂಗು ಕೇಳಿದ ಕೂಡಲೇ ಬದಿಗೆ ಸರಿಯಿರಿ. ಮಂಡಿ ನೋವಿನವರು ಸಾಲಿನ ಮಧ್ಯ ನಿಲ್ಲುವುದು ಬೇಡ.

ಇನ್ನು ಕಳ್ಳಿ. ನಮ್ಮ ಬೇಲಿಯ ಪಾಪಾಸುಕಳ್ಳಿಯ ಜಾತಿಯೇ, ನೋಪಾಲ್ ಅನ್ನುತ್ತಾರೆ. ಒಂದು ಇಡೀ ಸಾಲು ಅದರದೇ. ಹೆಂಗಸರು ಸಣ್ಣ ಸ್ಟೂಲ್ ಹಾಕಿ ಕೂತಿರುತ್ತಾರೆ. ಎಡಗೈಯಲ್ಲಿ ಅಂಗೈ ಅಗಲದ ಹಸಿರು ಎಲೆ, ಬಲಗೈಯಲ್ಲಿ ಉದ್ದ ಚೂರಿ. ಚೂರಿಯನ್ನು ಮಲಗಿಸಿ ಹಿಡಿದು ಮೇಲಿನ ಗಂಟುಗಳನ್ನು ಮಾತ್ರ ಸವರುತ್ತಾರೆ. ಮುಳ್ಳು ಉದುರಬೇಕು, ಸಿಪ್ಪೆ ಹೋಗಬಾರದು. ಆಮೇಲೆ ಅಂಚು ಸುತ್ತ ಒಂದು ಸಲ ಚೂರಿ ಓಡಿಸಿ ಪಕ್ಕಕ್ಕೆ ಎಸೆಯುತ್ತಾರೆ. ಮಾತು ನಿಲ್ಲುವುದಿಲ್ಲ, ಕೈ ನೋಡುವುದಿಲ್ಲ. ಅಲ್ಲಿ ಐದು ನಿಮಿಷ ನಿಂತುಕೊಳ್ಳಿ. ಬೇಯಿಸಿದರೆ ಬೆಂಡೆಕಾಯಿಯ ಹಾಗೆ ಲೋಳೆ, ಬಾಯಿಗೆ ಸ್ವಲ್ಪ ಹುಳಿ. ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹಾಕಿ ಕೋಸಂಬರಿ ಮಾಡುತ್ತಾರೆ. ಧಾರಾಳವಾಗಿ ತಿನ್ನಿ.

ನಿಮ್ಮ ಹೊಟ್ಟೆ ತುಂಬುವುದು ತ್ಲಾಕೋಯೊ ಅನ್ನುವ ಹೂರಣ ತುಂಬಿದ ಜೋಳದ ರೊಟ್ಟಿಯಿಂದ. ಇದಕ್ಕೆ ಅಂಗಡಿಯೇ ಬೇಡ. ಫುಟ್‌ಪಾತಿನಲ್ಲಿ ಒಂದು ಒಲೆ, ಅದರ ಮೇಲೆ ಅಗಲ ಕಾವಲಿ, ಹಿಂದೆ ಒಬ್ಬ ಅಜ್ಜಿ. ಜೋಳ ಅಂದರೆ ಅಲ್ಲಿ ಮೆಕ್ಕೆಜೋಳ, ಅದೂ ನೀಲಿ ಬಣ್ಣದ್ದು. ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ ರಾತ್ರಿಯಿಡೀ ಬಿಡುತ್ತಾರೆ. ಎಲೆ ಅಡಿಕೆಗೆ ಹಚ್ಚುತ್ತೇವಲ್ಲ, ಅಂಥದೇ ತಿನ್ನುವ ಸುಣ್ಣ. ಬೆಳಿಗ್ಗೆ ತೊಳೆದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಅದನ್ನು ರುಬ್ಬಿದರೆ ಹಿಟ್ಟು ಅಂಟಾಗಿ ತಟ್ಟಲು ಬರುತ್ತದೆ. ಸುಣ್ಣ ಇಲ್ಲದೆ ರುಬ್ಬಿದ ಜೋಳ ಹಾಗೆ ಒಂದುಗೂಡುವುದಿಲ್ಲ. ಕಾಳಿನೊಳಗಿನ ಬಿ3 ವಿಟಮಿನ್ ನಮ್ಮ ಮೈಗೆ ಹತ್ತುವುದೂ ಇದರಿಂದಲೇ. ಯುರೋಪಿನವರು ಜೋಳ ಒಯ್ದರು, ಸುಣ್ಣದ ಪದ್ಧತಿ ಬಿಟ್ಟು ಒಯ್ದರು. ಬರೀ ಜೋಳವನ್ನೇ ನಂಬಿದ ಬಡವರಿಗೆ ಅಲ್ಲಿ ಬಿ3 ಕೊರತೆಯ ಪೆಲಾಗ್ರ ಕಾಯಿಲೆ ಬಂತು.

ಅಜ್ಜಿ ಒಂದು ಉಂಡೆ ತೆಗೆದು, ಗುಳಿ ಮಾಡಿ, ಬೇಯಿಸಿ ಅರೆದ ಅವರೆ ಜಾತಿಯ ಕಾಳಿನ ಹೂರಣ ಇಟ್ಟು ಮುಚ್ಚುತ್ತಾಳೆ. ಎರಡು ಅಂಗೈ ನಡುವೆ ತಟ್ಟುತ್ತಾ ಎರಡು ತುದಿ ಚೂಪಾಗಿ ದೋಣಿ ಆಕಾರಕ್ಕೆ ತರುತ್ತಾಳೆ. ಎಣ್ಣೆ ಇಲ್ಲದ ಕಾವಲಿ ಮೇಲೆ ಸುಟ್ಟು, ಮೇಲಿಂದ ನೋಪಾಲ್, ಚೀಸ್ ಪುಡಿ, ಹಸಿರು ಚಟ್ನಿ. ಎರಡು ತಿಂದರೆ ಮಧ್ಯಾಹ್ನದ ಊಟ ಆಯಿತು.

ಈಗ ಮುಖ್ಯ ಮಾತು. ಗೈಡ್‌ಗೆ 'ನಾನು ಸಸ್ಯಾಹಾರಿ' ಅಂದರೆ ಸಾಲದು. ಕಾರ್ನೆ ಅಂದರೆ ಸ್ಪ್ಯಾನಿಷ್‌ನಲ್ಲಿ ಮಾಂಸ, ಆದರೆ ಅಲ್ಲಿ ಎಷ್ಟೋ ಜನರಿಗೆ ಅದು ದನದ ಮಾಂಸ ಮಾತ್ರ. ಕಾರ್ನೆ ಬೇಡ ಅಂದರೆ ಕೋಳಿ ಹಾಕಿ ಕೊಟ್ಟಾರು, ಅವರ ತಪ್ಪೂ ಅಲ್ಲ. ಮಾಂತೇಕಾ, ಅಂದರೆ ಹಂದಿ ಕೊಬ್ಬು, ಬೇಡ ಅಂತ ಬಿಡಿಸಿ ಹೇಳಿ. ಕೋಳಿ ಬೇಯಿಸಿದ ನೀರು ಬೇಡ ಅಂತಲೂ ಹೇಳಿ. ಕೆಂಪಗಿನ ಅನ್ನಕ್ಕೆ ಬಹಳ ಕಡೆ ಅದನ್ನೇ ಹಾಕುತ್ತಾರೆ. ತಮಾಲ್ ಹಿಟ್ಟಿಗೆ ಹಂದಿ ಕೊಬ್ಬು ಕಲಸುವುದು ಮಾಮೂಲು. ಬಾಳೆಲೆಯಲ್ಲಿ ಸುತ್ತಿದ್ದು ನೋಡಿ ನಮ್ಮ ಕಡೆ ಕಡುಬು ಅಂತ ಕೈ ಹಾಕಬೇಡಿ. ಹುರಿದ ಬೀನ್ಸ್‌ಗೂ ಅದೇ ಕಥೆ. ಮೋಲೆ ಅಂತ ಮಸಾಲೆ ಗುಡ್ಡೆ ಗುಡ್ಡೆ ಇಟ್ಟಿರುತ್ತಾರೆ. ಮೂಸಿ ನೋಡಿ, ಬಣ್ಣ ನೋಡಿ, ಮುಂದೆ ಹೋಗಿ.

ಬೇಲೆಕೇರಿಯವರೇ, ಗೈಡ್ ಬೇಕು ಅಂದಿದ್ದು ಇದಕ್ಕೇ. ಆ ದುಡ್ಡು ತಿಂಡಿಗಲ್ಲ, ಮಾತಿಗೆ. ಅಜ್ಜಿ ಬೀನ್ಸ್ ಯಾವುದರಲ್ಲಿ ಬೇಯಿಸಿದಳು ಅಂತ ನಾವು ಕೇಳಿದರೆ ನಕ್ಕು ತಲೆ ಆಡಿಸುತ್ತಾಳೆ. ದಿನಾ ಬರುವವನು ಕೇಳಿದರೆ ಪಾತ್ರೆ ಮುಚ್ಚಳ ತೆಗೆದು ತೋರಿಸುತ್ತಾಳೆ. ಅದೂ ಅಲ್ಲದೆ ಸುತ್ತಲಿನ ಕೆಲವು ಬೀದಿಗಳಲ್ಲಿ ಮೈ ಮಾರಿ ಬದುಕುವ ಹೆಂಗಸರು ನಿಂತಿರುತ್ತಾರೆ. ಅಲ್ಲಿ ಮೊಬೈಲ್ ಎತ್ತಲೇಬಾರದು. ಎಲ್ಲಿ ತೆಗೆಯಬಹುದು, ಎಲ್ಲಿ ಬೇಡ ಅನ್ನುವುದು ಗೈಡ್‌ಗೆ ಗೊತ್ತಿರುತ್ತದೆ.

ಶಿರಸಿ_ಸಂಪಿಗೆ:

ಎಷ್ಟು ವಿವರವಾಗಿ ಬರೆದಿರಿ! ಮಗಳಿಗೆ ಓದಿ ಹೇಳಿದೆ. ತರಕಾರಿ ಸಾಲಲ್ಲಿ ನಮ್ಮ ಕಡೆಯದು ಏನಾದರೂ ಸಿಗುತ್ತದಾ? ಮಿಡತೆ ಮುಂದೆ ತಂದು ಹಿಡಿದರೆ ಏನು ಮಾಡಲಿ?

ಕೋಡಿಬಾಗದವ:

ನಮ್ಮ ಕಡೆಯದು ಸಿಗುತ್ತದಾ ಅಂದರೆ, ನಮ್ಮ ಕಡೆಯದರಲ್ಲಿ ಸುಮಾರಷ್ಟು ಅಲ್ಲಿಂದಲೇ ಬಂದಿದ್ದು ಅಕ್ಕ. ಸೀಮೆಬದನೆ ಆ ಕಡೆಯದು. ಚಿಕ್ಕು ಆ ಕಡೆಯದು. ಮೆಣಸಿನಕಾಯಿ ಅಂತೂ ಕೇಳಲೇಬೇಡಿ, ಪೋರ್ಚುಗೀಸರು ತಂದುಕೊಟ್ಟಿದ್ದು. ಗ್ವಾಹಿಯೊ ಅಂತ ಒಂದು ಒಣಮೆಣಸು ಇದೆ, ಖಾರ ಕಮ್ಮಿ, ಬಣ್ಣ ಜಾಸ್ತಿ. ಬ್ಯಾಡಗಿ ಸಿಗದ ಊರಲ್ಲಿ ನನ್ನ ಬಂಗಡೆ ಸಾರು ಅದರಲ್ಲೇ ನಡೆಯಿತು. ಸೊಪ್ಪಿನವರ ಹತ್ತಿರ ಹರಿವೆ, ಗೋಣಿಸೊಪ್ಪು ಎರಡೂ ಇರುತ್ತವೆ. ಕುಂಬಳದ ಹೂವಂತೂ ಕಟ್ಟು ಕಟ್ಟು. ಹುಣಸೆಹಣ್ಣು ಮಾತ್ರ ಉಲ್ಟಾ. ಅದು ನಮ್ಮ ಏಷ್ಯಾ ಕಡೆಯಿಂದ ಹೋಗಿದ್ದು. 1565ರಿಂದ 1815ರವರೆಗೆ ಫಿಲಿಪ್ಪೀನ್ಸಿನ ಮನಿಲಾಕ್ಕೂ ಮೆಕ್ಸಿಕೊದ ಅಕಾಪುಲ್ಕೊಗೂ ಹಡಗು ಓಡುತ್ತಿದ್ದವು. ಮಾವು ಕೂಡ ಆ ದಾರಿಯಲ್ಲಿ ಹೋಯಿತು. ಮನಿಲಾ ಅಂತಲೇ ಅಲ್ಲಿ ಒಂದು ಮಾವಿನ ಜಾತಿ ಇದೆ.

ಮಿಡತೆಯನ್ನು ಬೆಳ್ಳುಳ್ಳಿ, ಉಪ್ಪು, ನಿಂಬೆ ಹಾಕಿ ಹುರಿದು ಬುಟ್ಟಿಯಲ್ಲಿ ಇಟ್ಟಿರುತ್ತಾರೆ. 'ಗ್ರಾಸಿಯಾಸ್' ಅಂತ ಕೈ ಮುಗಿದರೆ ಮುಗಿಯಿತು, ಯಾರೂ ಒತ್ತಾಯ ಮಾಡುವುದಿಲ್ಲ. ಯಲ್ಲಾಪುರ ಕಡೆ ಚಗಳಿ ಇರುವೆಯ ಚಟ್ನಿ ತಿಂದವನು ನಾನು, ನನಗೆ ಅದೇನೂ ದೊಡ್ಡದಾಗಲಿಲ್ಲ. ಗರಿಗರಿ ಇರುತ್ತದೆ, ಕಾಲು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ನೀವು ಹೋಗುವ ಹೊತ್ತಿಗೆ ಸತ್ತವರ ಹಬ್ಬದ ತಯಾರಿ. ನವೆಂಬರ್ 1, 2ಕ್ಕೆ ಹಿರಿಯರಿಗೆ ಎಡೆ ಇಡುತ್ತಾರೆ. ಸಿಹಿ ಅಂಗಡಿಗಳ ಸಾಲಿನಲ್ಲಿ ಸಕ್ಕರೆಯ ತಲೆಬುರುಡೆ ಕಾಣುತ್ತದೆ, ಹೆದರಬೇಡಿ. ಎಲ್ಲಿ ನೋಡಿದರೂ ಗೊಂಡೆ ಹೂವು. ಆ ಹೂವಿನ ತವರೂ ಅದೇ ದೇಶ. ಅಲ್ಲೇ ಅಲೆಗ್ರಿಯಾ ಕೇಳಿ. ರಾಜಗಿರಿ ಅರಳಿಗೆ ಬೆಲ್ಲದ ಪಾಕ ಅಥವಾ ಜೇನು ಹಾಕಿ ಒತ್ತಿದ ಚಿಕ್ಕಿ. ನಿಮ್ಮ ಬ್ಯಾಗ್ ತುಂಬ ಅದನ್ನೇ ತುಂಬಿಕೊಳ್ಳಿ.

ಅಘನಾಶಿನಿ_ತೀರ:

ನಾನೂ ಸಸ್ಯಾಹಾರಿ, ಈ ಟೂರ್ ಮಾಡಿದ್ದೇನೆ. ಕೋಡಿಬಾಗದವರು ಹೇಳದೆ ಬಿಟ್ಟಿದ್ದು ಒಂದೆರಡು. ಆ ಊರು ಸಮುದ್ರಮಟ್ಟದಿಂದ 2240 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯೇ 1930. ಬಂದಿಳಿದ ಮರುದಿನವೇ ಟೂರ್ ಇಟ್ಟುಕೊಳ್ಳಬೇಡಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ನಲ್ಲಿ ನೀರು ಬೇಡವೇ ಬೇಡ, ಬಾಟಲಿ ಇಟ್ಟುಕೊಳ್ಳಿ. ಶೌಚಾಲಯಕ್ಕೆ ಚಿಲ್ಲರೆ ಪೆಸೊ ಬೇಕು. ಬಾಗಿಲಲ್ಲಿ ಕೂತವರು ಕಾಗದವನ್ನು ಅಳೆದು ಕೊಡುತ್ತಾರೆ! ಬ್ಯಾಗ್ ಹೊಟ್ಟೆಯ ಮುಂದೆ ಇರಲಿ.

ಕುಡಿಯಲು ಹಮೈಕಾ ಕೇಳಿ. ಕೆಂಪು ಪುಂಡಿ ಹೂವಿನ ಪಾನಕ, ಬಣ್ಣ ಥೇಟ್ ನಮ್ಮ ಮುರುಗಲು ಪಾನಕದ ಹಾಗೆ. ಐಸ್ ಹಾಕದೆ ಕೊಡಿ ಅನ್ನಿ. ಮಂಡಿಯ ವಿಷಯ ಗೈಡ್‌ಗೆ ಮೊದಲೇ ತಿಳಿಸಿ, ಕೂರಲು ಬೆಂಚ್ ಇರುವ ಜಾಗಗಳನ್ನೇ ಆರಿಸುತ್ತಾರೆ. ನಮ್ಮ ಗೈಡ್ ಅಂತೂ ಅಂಗಡಿಯವರ ಹತ್ತಿರ ಎರಡೆರಡು ಸಲ ಸ್ಟೂಲ್ ಕೇಳಿ ತಂದಿಟ್ಟರು.

ಬೇಲೆಕೇರಿ_ಗಾಳಿ:

ಸರಿ, ಒಪ್ಪಿದೆ. ಆದರೆ ಇಂಥದ್ದು ಕಾರವಾರದ ಭಾನುವಾರದ ಸಂತೆಯಲ್ಲಿ ಯಾಕಿಲ್ಲ? ಹಾಲಕ್ಕಿ ಹೆಂಗಸರ ತರಕಾರಿ ಬುಟ್ಟಿ, ಜಡೆ ಹೆಣೆದ ಕುಮಟಾ ಈರುಳ್ಳಿ, ಬಿರಿಂಡಾ (ಮುರುಗಲು) ಸಿಪ್ಪೆ, ಒಣಮೀನು ರಾಶಿ. ಕಾಲ ಬಂದಾಗ ಅಂಕೋಲೆಯ ಕರಿ ಇಷಾಡ ಮಾವು. ಕಡಿಮೆ ಏನಿದೆ?

ಕೋಡಿಬಾಗದವ:

ಏನೂ ಕಡಿಮೆ ಇಲ್ಲ, ನಡೆಸುವವರು ಬೇಕು ಅಷ್ಟೇ. ನೀವು ಶುರು ಮಾಡಿ, ತಿಸ್ರೆ ಚಿಪ್ಪಿನ ಅಂಗಡಿ ಮುಂದೆ ನಿಂತು ವಿವರಿಸುವ ಕೆಲಸ ನನಗೆ ಬಿಡಿ. ಆದರೆ ಸಂತೆಯವರಿಗೂ ಅದರಲ್ಲಿ ಪಾಲು ಸಿಗಬೇಕು. ಮೆರ್ಸೆದ್‌ನಲ್ಲಿ ನಮ್ಮ ಗೈಡ್ ನಿಲ್ಲಿಸಿದ ಪ್ರತಿ ಕಡೆ ದುಡ್ಡು ಕೊಟ್ಟೇ ಮುಂದೆ ಹೋದ. ಬರೀ ಫೋಟೊ ತೆಗೆಸಿ ಹೊರಡುವ ಟೂರ್ ಆದರೆ ಮೂರನೇ ವಾರಕ್ಕೆ ನಮ್ಮ ಹೆಂಗಸರು ಬೈದು ಓಡಿಸುತ್ತಾರೆ.

ಶಿರಸಿ_ಸಂಪಿಗೆ:

ಮಗಳು ಬುಕ್ ಮಾಡಿದಳು. ಗೈಡ್‌ಗೆ ಕೊಬ್ಬು, ಕೋಳಿ ನೀರು ಎಲ್ಲ ಬಿಡಿಸಿ ಬರೆದಳು. ಟಾಕೊ ಬದಲು ಊಆಸೊಂತ್ಲೆ ಅಂತ ಒಂದು ಸೊಪ್ಪಿನ ಪದಾರ್ಥ, ಇನ್ನೊಂದು ಕಡೆ ವಿತ್ಲಾಕೊಚೆ ಇಟ್ಟು ಮಡಚಿದ ಜೋಳದ ರೊಟ್ಟಿ, ಅಂದರೆ ಕೆಸಾದಿಯಾ, ಕೊಡಿಸುತ್ತೇನೆ ಅಂತ ಉತ್ತರ ಬಂದಿದೆ. ಇವೆರಡೂ ನನಗೆ ಆಗುತ್ತದಾ?

ಕೋಡಿಬಾಗದವ:

ಎರಡೂ ಬೇಡ. ಆ ಸೊಪ್ಪಿನ ತೆನೆಗಳ ನಡುವೆ ಚೀಸ್ ಇಟ್ಟು, ಮೊಟ್ಟೆ ಕಲಕಿದ್ದರಲ್ಲಿ ಅದ್ದಿ ಕರಿಯುತ್ತಾರೆ. ವಿತ್ಲಾಕೊಚೆ ಅಂದರೆ ಜೋಳದ ತೆನೆಗೆ ಹತ್ತಿದ ಶಿಲೀಂಧ್ರ. ಕಾಳು ಊದಿ ಬೂದಿ ಬಣ್ಣ ಆಗುತ್ತದೆ, ಬೆಂದರೆ ಕಪ್ಪು. ರುಚಿ ಅಣಬೆಯದೇ, ನಿಮಗೆ ಅಭ್ಯಾಸ ಇಲ್ಲ ಅಂದಿರಲ್ಲ.

ಬದಲಿಗೆ ಕುಂಬಳ ಹೂವಿನ ಕೆಸಾದಿಯಾ ಹೇಳಿ. 'ಕೊನ್ ಕೇಸೊ' ಅನ್ನಲು ಮರೆಯಬೇಡಿ. ಆ ಊರಲ್ಲಿ ಕೇಳದಿದ್ದರೆ ಕೆಸಾದಿಯಾಕ್ಕೆ ಚೀಸ್ ಹಾಕುವುದಿಲ್ಲ. ಕೆಲವರು ಎಣ್ಣೆಯಲ್ಲಿ ಕರಿಯುತ್ತಾರೆ, ಕೊಬ್ಬಿನಲ್ಲಿ ಕರಿಯುವವರೂ ಇದ್ದಾರೆ. ಕಾವಲಿ ಮೇಲೆ ಸುಟ್ಟಿದ್ದನ್ನೇ ಕೇಳಿ. ಬೆಳಗಿನ ಟೂರ್ ತಗೊಳ್ಳಿ, ಮಧ್ಯಾಹ್ನದ ಮೇಲೆ ಹೂವು ಬಾಡಿರುತ್ತದೆ.