ಎಣ್ಣೆ ತುಂಬಿದ ಮೇಲೆ 60 ಹರ್ಟ್ಜ್ 56ಕ್ಕೆ ಇಳಿಯಿತು, ಯಾಕೆ?

ರಿಗ್ ಹುಡುಗ, ಬೆಳಗಾವಿ
ನಮಸ್ಕಾರ. ಎಂಟೆಕ್ ಪ್ರಾಜೆಕ್ಟಿಗೆ ಸ್ಕ್ವೀಝ್ ಫಿಲ್ಮ್ ಡ್ಯಾಂಪರ್ (ಸಣ್ಣ ಸಂದಿನಲ್ಲಿ ತೆಳು ಎಣ್ಣೆ ಪದರ ಹಿಂಡಿ ಕಂಪನ ತಗ್ಗಿಸುವ ಸಾಧನ) ಪರೀಕ್ಷಿಸುವ ರಿಗ್ ಮಾಡಿದ್ದೇನೆ, ಉದ್ಯಮಬಾಗಿನಲ್ಲಿ ಟರ್ನಿಂಗ್ ಮಾಡಿಸಿದ್ದು. ವ್ಯಾಸ 100 ಮಿ.ಮೀ., ಉದ್ದ 25, ಒಂದು ಬದಿಯ ಕ್ಲಿಯರೆನ್ಸ್ (ಎಣ್ಣೆ ತುಂಬುವ ಸಂದು) 0.2, ಎರಡೂ ತುದಿ ತೆರೆದಿವೆ. ಸ್ಪ್ರಿಂಗ್ ಸರಳುಗಳ ಮೇಲೆ ನಿಂತ ಹೌಸಿಂಗ್ 8 ಕೆ.ಜಿ. ಎಣ್ಣೆ ಇಲ್ಲದೆ ಸುತ್ತಿಗೆಯಿಂದ ಬಡಿದರೆ ಕಂಪನದ ಪೀಕ್ 60 ಹರ್ಟ್ಜ್‌ನಲ್ಲಿ ಬರುತ್ತದೆ. ತೆಳು ಸ್ಪಿಂಡಲ್ ಆಯಿಲ್ ತುಂಬಿ ಬಡಿದರೆ 56. ಡ್ಯಾಂಪಿಂಗ್ (ಎಣ್ಣೆ ಕಂಪನವನ್ನು ತಗ್ಗಿಸುವುದು) ಲೆಕ್ಕ ಹಾಕಿದರೆ 1 ಹರ್ಟ್ಜ್ ಇಳಿಯಬೇಕು ಅಷ್ಟೇ. ಗೈಡ್ ಎಣ್ಣೆಯ ಇನರ್ಶಿಯಾ (ಜಡತ್ವ) ನೋಡು ಅಂದರು. ಆದರೆ ಫಿಲ್ಮಿನಲ್ಲಿರುವ ಎಣ್ಣೆ ಎಲ್ಲಾ ಸೇರಿ ಒಂದೂಕಾಲು ಗ್ರಾಂ! ಅದು 8 ಕೆ.ಜಿ.ಗೆ ಏನು ಮಾಡೀತು?

ಹಳೇ ರೋಟರ್
ಎಣ್ಣೆಯ ತೂಕ ನೋಡಬೇಡಿ, ಅದು ಎಷ್ಟು ಜೋರಾಗಿ ಓಡಬೇಕು ಅನ್ನೋದು ನೋಡಿ. ಹೌಸಿಂಗ್ ಒಂದು ಬದಿಗೆ ಸರಿದಾಗ ಅಲ್ಲಿನ ಎಣ್ಣೆ ತುದಿಗಳ ಕಡೆ ಹೋಗಲೇಬೇಕು, ದಾರಿ ಬರೀ 0.2 ಮಿ.ಮೀ. ನಡುವಿನಿಂದ ತುದಿಗೆ 12.5 ಮಿ.ಮೀ. 12.5 ಅನ್ನು 0.2ರಿಂದ ಭಾಗಿಸಿ, ತುದಿಯಲ್ಲಿ ಎಣ್ಣೆ ಹೌಸಿಂಗ್‌ಗಿಂತ 62 ಪಟ್ಟು ವೇಗವಾಗಿ ಹೊರಬೀಳುತ್ತದೆ. ಶಕ್ತಿ ವೇಗದ ವರ್ಗದ ಲೆಕ್ಕ, ಅಂದರೆ ತುದಿಯಲ್ಲಿ 3900 ಪಟ್ಟು. ಉದ್ದಕ್ಕೂ ಸುತ್ತಲೂ ಸರಾಸರಿ ತೆಗೆದರೂ ಸುಮಾರು 800 ಪಟ್ಟು ಉಳಿಯುತ್ತದೆ. ಒಂದೂಕಾಲು ಗ್ರಾಂ ಗುಣಿಸು 800, ಹತ್ತಿರ ಹತ್ತಿರ 1 ಕೆ.ಜಿ. ಆಯ್ತಲ್ವಾ? 8ರ ಬದಲು 9 ಕೆ.ಜಿ. ಇಟ್ಟು ನೋಡಿ, 60 ಹೋಗಿ 56.6 ಆಗುತ್ತದೆ, ಅದರ ಮೇಲೆ ನಿಮ್ಮ ಡ್ಯಾಂಪಿಂಗ್.

ಎಣ್ಣೆ ಪದರದ ಒತ್ತಡಕ್ಕೆ ರೆನಾಲ್ಡ್ಸ್ 1886ರಲ್ಲಿ ಕೊಟ್ಟ ಸಮೀಕರಣದಲ್ಲಿ ಈ ಇನರ್ಶಿಯಾ ಭಾಗವೇ ಇಲ್ಲ. ದಪ್ಪ ಎಣ್ಣೆ, ಸಣ್ಣ ಸಂದು ಇದ್ದರೆ ಬಿಟ್ಟರೂ ನಡೆಯುತ್ತದೆ.

ಮುಧೋಳ ಟರ್ಬೈನ್
ಸರ್, ನಾನು ಸಕ್ಕರೆ ಫ್ಯಾಕ್ಟರಿ ಟರ್ಬೈನ್ ನೋಡಿಕೊಳ್ಳುವವನು. 46 ಗ್ರೇಡ್ ಎಣ್ಣೆ, 8000 ಆರ್‌ಪಿಎಂ, ಸಂದು 0.1. ನಮಗೂ ಇದು ತಾಗುತ್ತದಾ?

ಹಳೇ ರೋಟರ್
ಒಂದು ಲೆಕ್ಕ ಸಾಕು: ಕೋನ ವೇಗ ಗುಣಿಸು ಸಂದಿನ ವರ್ಗ, ಭಾಗಿಸು ಎಣ್ಣೆಯ ಕೈನೆಮ್ಯಾಟಿಕ್ ಸ್ನಿಗ್ಧತೆ (ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದ್ದು). 1ಕ್ಕಿಂತ ತುಂಬಾ ಕೆಳಗಿದ್ದರೆ ಮರೆತುಬಿಡಿ. ನಿಮ್ಮದು 60 ಡಿಗ್ರಿಯಲ್ಲಿ 0.4ರ ಆಸುಪಾಸು. ಇನರ್ಶಿಯಾಗಿಂತ ಎಣ್ಣೆಯ ಟೆಂಪರೇಚರ್ ಮೇಲೆ ಜಾಸ್ತಿ ಗಮನ ಇರಲಿ. ರಿಗ್ ಹುಡುಗನದು 5. ಏತ ನೀರಾವರಿ ಪಂಪಿನ ಹಾಗೆ ನೀರಲ್ಲೇ ತಿರುಗುವ ಬೇರಿಂಗ್ ಆದರೆ 1500 ಆರ್‌ಪಿಎಂಗೇ 1 ದಾಟಬಹುದು, ನೀರು ಅಷ್ಟು ತೆಳು.

ರಿಗ್ ಹುಡುಗಾ, ಎಣ್ಣೆ ಸ್ವಲ್ಪ ಬಿಸಿ ಮಾಡಿ ಮತ್ತೆ ಬಡಿಯಿರಿ. ಡ್ಯಾಂಪಿಂಗ್ ಕಡಿಮೆಯಾಗುತ್ತದೆ, ಸೇರಿದ ತೂಕ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ತುದಿಯಲ್ಲಿ ಎಣ್ಣೆ ಮಜ್ಜಿಗೆ ಹಾಗೆ ಬೆಳ್ಳಗಾದರೆ ಗಾಳಿ ಒಳಗೆ ಸೇರಿದೆ ಅಂತ ಅರ್ಥ, ಆ ರೀಡಿಂಗ್ ಬಿಡಿ.

ರಿಗ್ ಹುಡುಗ, ಬೆಳಗಾವಿ
ಇವತ್ತು 40 ಡಿಗ್ರಿಗೆ ಬಿಸಿ ಮಾಡಿ ಹತ್ತು ಸಲ ಬಡಿದೆ. ಪೀಕ್ ಚೂಪಾಯಿತು, ಆದರೆ 56 ಬಿಟ್ಟು ಮೇಲೆ ಹತ್ತಲಿಲ್ಲ. ಎಣ್ಣೆ ತಿಳಿಯಾಗಿಯೇ ಇತ್ತು. ನಾಳೆ ಕ್ಲಿಯರೆನ್ಸ್ 0.3ರ ರಿಂಗ್ ಹಾಕಿ ನೋಡುತ್ತೇನೆ.