ದೋಟಿ ಜಗ್ಗಿದ ಮೇಲೆ ಎದೆ ಪಕ್ಕ ನೋವು: ಎಕ್ಸ್‌ರೇ ಸರಿಯಿದ್ದರೆ ಉರಿಯೂತ ಎಲ್ಲಿ?

ಶಿರಸಿ ತೋಟಿಗ:
ತಮ್ಮನಿಗೆ 34 ವರ್ಷ. ದೋಟಿಯಲ್ಲಿ (ಕೊಯ್ಯುವ ಉದ್ದನೆಯ ಕೋಲು) ಅಡಿಕೆ ಕೊನೆ ಇಳಿಸಲು ಹಿಡಿದು ಮೂರು ವಾರ. ಎದೆಯ ನಡುಮೂಳೆಗೆ ತಾಗಿ ಎಡಕ್ಕೆ ಚುಚ್ಚುವ ನೋವು. ಸೀನಿದರೆ, ಮಗ್ಗುಲು ಬದಲಿಸಿದರೆ ಜಾಸ್ತಿ. ಇಸಿಜಿ, ಎಕ್ಸ್‌ರೇ ಎರಡೂ ಸರಿ. ಡಾಕ್ಟರು ಕಾಸ್ಟೋಕಾಂಡ್ರೈಟಿಸ್ (ಪಕ್ಕೆಲುಬಿನ ಮೆದು ಎಲುಬಿನ ಉರಿಯೂತ) ಅಂದರು, ಮನೆಯವರು ಗ್ಯಾಸು ಅಂತಾರೆ. ಯಾವುದನ್ನು ನಂಬೋದು? ಮತ್ತೆ ಯಾವಾಗ ದೋಟಿ ಹಿಡಿಯಬಹುದು?

ಕುಮಟಾ ಫಿಸಿಯೋ:
ಪಕ್ಕೆಲುಬು ನೇರವಾಗಿ ಎದೆಮೂಳೆಗೆ ಸೇರುವುದಿಲ್ಲ, ನಡುವೆ ಮೆದು ಎಲುಬಿನ ತುಂಡು ಇರುತ್ತದೆ. ನೋವು ಅಲ್ಲಿಯದು. ಮೆದು ಎಲುಬು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಮೂಡುವುದಿಲ್ಲ, ಹಾಗಾಗಿ ಚಿತ್ರ ಸರಿ ಬರುವುದು ಸಹಜ. ಕಂಡುಹಿಡಿಯುವುದು ಬೆರಳಿನಿಂದಲೇ. ಗಂಟಲಗುಳಿಯಿಂದ ಎದೆಮೂಳೆ ಮೇಲೆ ಬೆರಳು ಸವರುತ್ತ ಸುಮಾರು 5 ಸೆಂ.ಮೀ. ಕೆಳಗೆ ಬನ್ನಿ, ಅಡ್ಡ ದಿಣ್ಣೆ ಸಿಗುತ್ತದೆ. ಅದರ ಪಕ್ಕದಲ್ಲಿ ಸೇರುವುದು ಎರಡನೇ ಪಕ್ಕೆಲುಬು. ಅಲ್ಲಿಂದ ಐದನೆಯದರವರೆಗೆ ಒಂದೊಂದಾಗಿ ಒತ್ತಿದಾಗ ಅದೇ ನೋವು ಮರುಕಳಿಸಿದರೆ ಡಾಕ್ಟರು ಹೇಳಿದ್ದಕ್ಕೆ ತಾಳೆಯಾಯಿತು. ಗ್ಯಾಸಿನ ನೋವು ಹೀಗೆ ಬೆರಳಿಗೆ ಸಿಗುವುದಿಲ್ಲ.

ಮೆದು ಎಲುಬಿಗೆ ತನ್ನದೇ ರಕ್ತನಾಳ ಇಲ್ಲ. ಅದಕ್ಕೇ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮಾತ್ರೆಯಿಂದ ನೋವು ಮಂದವಾದ ಕೂಡಲೇ ದೋಟಿ ಎತ್ತುತ್ತಾರೆ, ಮತ್ತೆ ಕೆರಳುತ್ತದೆ. ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದೂ ಅಷ್ಟೇ ಕೆಟ್ಟದ್ದು, ದಯವಿಟ್ಟು ಬೇಡ. ಟವೆಲ್ ಸುತ್ತಿದ ಬಿಸಿನೀರಿನ ಚೀಲ 15 ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. ತೀಕ್ಷ್ಣ ನೋವು ಇಳಿದ ಮೇಲೆ ಬಾಗಿಲ ಚೌಕಟ್ಟಿಗೆ ಎರಡೂ ಮೊಣಕೈ ಭುಜದೆತ್ತರಕ್ಕೆ ಆನಿಸಿ, ಒಂದು ಹೆಜ್ಜೆ ಮುಂದಿಟ್ಟು 20 ಸೆಕೆಂಡು ನಿಲ್ಲಲಿ, ಮೂರು ಸಲ. ಚುಚ್ಚಿದರೆ ಅಲ್ಲಿಗೇ ಬಿಡಬೇಕು.

ಕಾರವಾರ ನರ್ಸ್:
ಒಂದು ಮಾತು ಸೇರಿಸಲೇಬೇಕು. ಒತ್ತಿದರೆ ನೋಯುತ್ತದೆ ಎಂದಮಾತ್ರಕ್ಕೆ ಹೃದಯ ಸರಿಯಿದೆ ಎಂದಲ್ಲ. ಗಟ್ಟ ಹತ್ತುವಾಗ ಹಿಂಡಿದಂತಾಗಿ ನಿಂತರೆ ಕಡಿಮೆಯಾಗುವುದು, ತಣ್ಣನೆ ಬೆವರು, ದವಡೆಗೋ ತೋಳಿಗೋ ಹರಡುವುದು, ಉಸಿರು ಸಾಲದಿರುವುದು: ಇವುಗಳಲ್ಲಿ ಒಂದಿದ್ದರೂ ಹಳೇ ಇಸಿಜಿ ನಂಬಿ ಕೂರಬೇಡಿ, 108ಕ್ಕೆ ಕರೆ ಮಾಡಿ.

ಕೊಟ್ಟ ಮಾತ್ರೆ ಐಬುಪ್ರೊಫೆನ್ 400 ಮಿ.ಗ್ರಾಂ. ಆಗಿದ್ದರೆ ಊಟದ ನಂತರವೇ, ಡಾಕ್ಟರು ಹೇಳಿದಷ್ಟು ದಿನ ಮಾತ್ರ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರಿಗೆ ಬೇಡ. ಡೆಂಗ್ಯೂ ಜ್ವರದ ಅನುಮಾನವಿದ್ದರೂ ಬೇಡ. ಮೆಡಿಕಲ್ ಶಾಪಿನ ನೋವಿನ ಮಾತ್ರೆಗಳಲ್ಲಿ ಎಷ್ಟೋ ಬಾರಿ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ, ಚೀಟಿ ಓದದೆ ಇನ್ನೊಂದು ನುಂಗಿದರೆ ಡೋಸು ದುಪ್ಪಟ್ಟು.

ಶಿರಸಿ ತೋಟಿಗ:
ಸರಿಯಾಗಿ ಆ ಎರಡನೇ ಪಕ್ಕೆಲುಬಿನ ಹತ್ತಿರ ಚಾಲಿ ಅಡಿಕೆಯಷ್ಟು ಉಬ್ಬಿದೆಯಲ್ಲ?

ಕುಮಟಾ ಫಿಸಿಯೋ:
ಹಾಗಾದರೆ ಮತ್ತೊಮ್ಮೆ ತೋರಿಸಿ ಮಾರಾಯ್ರೆ. ಕಾಸ್ಟೋಕಾಂಡ್ರೈಟಿಸ್‌ನಲ್ಲಿ ಬಾವು ಇರುವುದಿಲ್ಲ, ಹಲವು ಕಡೆ ನೋಯುತ್ತದೆ. ಕಣ್ಣಿಗೆ ಕಾಣುವ ಬಾವು, ಅದೂ ಎರಡನೇ ಅಥವಾ ಮೂರನೇ ಪಕ್ಕೆಲುಬಿನ ಒಂದೇ ಜಾಗದಲ್ಲಿ ಇದ್ದರೆ ಟೀಟ್ಸೆ ಸಿಂಡ್ರೋಮ್ ಇರಬಹುದು. 1921ರಲ್ಲಿ ಜರ್ಮನ್ ಸರ್ಜನ್ ಅಲೆಕ್ಸಾಂಡರ್ ಟೀಟ್ಸೆ ವಿವರಿಸಿದ್ದು, 40ರೊಳಗಿನವರಲ್ಲೇ ಹೆಚ್ಚು. ಅದೂ ಅಪಾಯದ್ದಲ್ಲ. ಆದರೆ ಉಬ್ಬು ಬೆಳೆಯುತ್ತಿದ್ದರೆ, ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಸೋಂಕು ಅಥವಾ ಗಡ್ಡೆ ಅಲ್ಲವೆಂದು ಖಚಿತವಾಗಬೇಕು, ಸ್ಕ್ಯಾನ್ ಬೇಕಾದೀತು.

ದೋಟಿ ವಿಷಯ: ಜೋರಾಗಿ ಕೆಮ್ಮಿದರೂ, ಬೆರಳಲ್ಲಿ ಒತ್ತಿದರೂ ನೋಯದಿದ್ದಾಗ ಮೊದಲ ದಿನ ಅರ್ಧ ಗಂಟೆ, ಅಷ್ಟೇ. ಮರದ ಎದುರಿಗೆ ನಿಂತು ಮೊಣಕೈ ಮೈಗೆ ಹತ್ತಿರ ಇಟ್ಟುಕೊಳ್ಳಲಿ, ಸೊಂಟ ತಿರುಚಿ ಜಗ್ಗುವುದು ಬೇಡ. ಮರುದಿನ ಬೆಳಗ್ಗೆ ನೋವು ಏಳದಿದ್ದರೆ ಮಾತ್ರ ಹೊತ್ತು ಹೆಚ್ಚಿಸಲಿ.