ಮನೆಮಾತು ತೆಲುಗು ಇರುವ ಮಕ್ಕಳಿಗೆ ಕಾಗುಣಿತ ಕಲಿಸುವ ಆಟಗಳು ಯಾವುವು?

ಬಾಗೇಪಲ್ಲಿ ಶಿಕ್ಷಕಿ:

4 ಮತ್ತು 5ನೇ ತರಗತಿ ಒಂದೇ ಕೊಠಡಿಯಲ್ಲಿ, ಒಟ್ಟು 24 ಮಕ್ಕಳು, 40 ನಿಮಿಷದ ಪೀರಿಯಡ್ಡು. ಹೆಚ್ಚಿನವರ ಮನೆಮಾತು ತೆಲುಗು. ಓದುವಾಗ ಅಷ್ಟೇನೂ ತಡವರಿಸುವುದಿಲ್ಲ. ಉಕ್ತಲೇಖನ ಕೊಟ್ಟರೆ ಮಾತ್ರ ಮೂರು ಬಗೆಯ ತಪ್ಪು ಬಂದೇ ಬರುತ್ತವೆ. ಒತ್ತಕ್ಷರ ಬಿಡಿಯಾಗಿಬಿಡುತ್ತದೆ (‘ರೇಷ್ಮೆ’ ಹೋಗಿ ‘ರೇಷಮೆ’), ಕೊನೆಯ ಏತ್ವ ಬಿಟ್ಟುಹೋಗುತ್ತದೆ (‘ಪರೀಕ್ಷ’, ‘ಕಥ’), ‘ಹ’ ಇರಬೇಕಾದ ಕಡೆ ‘ಅ’ ಬರುತ್ತದೆ. ಪದಗಳ ಅಂತ್ಯಾಕ್ಷರಿ ಆಡಿಸಿದರೆ ‘ಳ’, ‘ಣ’ ಬಂದು ಎರಡೇ ನಿಮಿಷಕ್ಕೆ ನಿಲ್ಲುತ್ತದೆ. ಬೋರ್ಡಿನ ಮೇಲೆ ಗೆರೆ ಎಳೆದು ಒಂದೊಂದೇ ಅಕ್ಷರ ಊಹಿಸುವ ಆಟವೂ ಸಾಗುತ್ತಿಲ್ಲ. ಖರ್ಚಿಲ್ಲದೆ, ಎಲ್ಲ ಮಕ್ಕಳೂ ಬರೆಯುವಂಥ ಆಟ ಇದ್ದರೆ ತಿಳಿಸಿ.

ಚಿಂತಾಮಣಿ ಮೇಷ್ಟ್ರು:

ಮೇಡಂ, ಊಹಿಸುವ ಆಟ ಸಾಗದಿರುವುದಕ್ಕೆ ಕಾರಣ ಇದೆ. ಇಂಗ್ಲಿಷಿನಲ್ಲಿ 26 ಅಕ್ಷರ, ಒಂದು ಗೆರೆಗೆ ಒಂದು. ನಮ್ಮಲ್ಲಿ 34 ವ್ಯಂಜನ, ಒಂದೊಂದಕ್ಕೂ ಗುಣಿತ, ಅದರ ಮೇಲೆ ಒತ್ತು. ‘ಕ್ಷಿ’ಯನ್ನು ಇಡಿಯಾಗಿ ಯಾವ ಮಗು ಊಹಿಸೀತು? ಅಕ್ಷರವನ್ನು ಬಿಡಿಸಿ ಕೇಳಿಸಬೇಕು.

ಒಂದೊಂದು ಅಕ್ಷರಕ್ಕೂ ಒಂದರ ಕೆಳಗೊಂದು ಮೂರು ಮನೆ ಬರೆಯಿರಿ. ಮೇಲಿನದು ಸ್ವರಚಿಹ್ನೆಗೆ, ನಡುವಿನದು ವ್ಯಂಜನಕ್ಕೆ, ಕೆಳಗಿನದು ಒತ್ತಿಗೆ. ಒತ್ತಿಲ್ಲದ ಅಕ್ಷರಕ್ಕೆ ಕೆಳಮನೆಯಲ್ಲಿ ಮೊದಲೇ ಅಡ್ಡಗೆರೆ ಹಾಕಿ. ‘ದ್ರಾಕ್ಷಿ’ ಎಂದಿಟ್ಟುಕೊಳ್ಳಿ, ಎರಡು ಅಕ್ಷರ, ಆರು ಮನೆ. ಮಗು ‘ರ ಇದೆಯಾ?’ ಎಂದರೆ ‘ಇದೆ, ಕೆಳಮನೆಯಲ್ಲಿ’ ಎಂದು ‘ದ’ದ ಕೆಳಗೆ ಬರೆಯಿರಿ. ‘ಇಳಿ ಇದೆಯಾ?’, ‘ಗುಡಿಸು ಇದೆಯಾ?’ ಎಂದು ಚಿಹ್ನೆಗಳನ್ನು ಹೆಸರು ಹಿಡಿದೇ ಕೇಳಬೇಕು. 8 ತಪ್ಪಾದರೆ ಆಟ ಮುಗಿಯಿತು. ಮನೆಗಳು ತುಂಬಿದ ಮೇಲೆ ಬೋರ್ಡು ಒರೆಸಿ, ಎಲ್ಲರೂ ಸ್ಲೇಟಿನಲ್ಲಿ ಆ ಪದವನ್ನು ಕೂಡಿಸಿ ಬರೆಯಲಿ. ಅಂಕ ಸಿಗುವುದು ಊಹಿಸಿದ್ದಕ್ಕಲ್ಲ, ಈ ಬರಹಕ್ಕೆ.

‘ರೇಷಮೆ’ ಆಗುವುದೂ ಇಲ್ಲೇ ಸರಿಹೋಗುತ್ತದೆ. ಬಾಯಲ್ಲಿ ಷ್, ಮ್, ಎ ಎಂಬ ಸಾಲು. ಕೈಯಲ್ಲಿ ಮೊದಲು ‘ಷೆ’, ಆಮೇಲೆ ಅದರ ಕೆಳಗೆ ಮ-ಒತ್ತು. ಕೇಳಿದ ಸಾಲಿನಲ್ಲೇ ಬರೆಯಹೊರಟ ಮಗುವಿಗೆ ಏತ್ವ ‘ಮ’ದ ಮೇಲೆ ಹೋಗಿ ಕೂರುವುದು ಸಹಜ. ಮೂರು ಮನೆ ಕಣ್ಣೆದುರು ಇದ್ದರೆ ಏತ್ವ ‘ಷ’ದ ಮನೆಗೆ ಸೇರಿದ್ದು ಎಂದು ಕಾಣುತ್ತದೆ.

ಮೊದಲ ವಾರ ‘ಅಕ್ಕ’, ‘ಹಗ್ಗ’ದಂಥ ಸಜಾತೀಯ ಒತ್ತುಗಳನ್ನೇ ಕೊಡಿ. ತ, ನ, ಮ, ಯ, ರ, ಲ ಈ ಆರರ ಒತ್ತಿನ ರೂಪ ಮೂಲ ಅಕ್ಷರಕ್ಕಿಂತ ಬೇರೆಯೇ ಇರುವುದರಿಂದ ಅವನ್ನು ಗೋಡೆಗೆ ಬರೆದು ಅಂಟಿಸಿ. ‘ಸೂರ್ಯ’ದಂಥ ಅರ್ಕಾವೊತ್ತಿನ ಪದ ಕೊನೆಗಿರಲಿ. ಅಲ್ಲಿ ‘ರ್’ ಮೊದಲು ಕೇಳಿಸಿ ಕೊನೆಯಲ್ಲಿ ಬರುತ್ತದೆ, ಬಲಬದಿಗೆ ನಾಲ್ಕನೆಯ ಮನೆ ಬೇಕಾಗುತ್ತದೆ.

ಶ್ರೀನಿವಾಸಪುರದಿಂದ:

ತೆಲುಗನ್ನು ಬಿಡಿಸಲು ಹೋಗಬೇಡಿ, ಅದನ್ನೇ ಬಂಡವಾಳ ಮಾಡಿಕೊಳ್ಳಿ. ‘ಪರೀಕ್ಷ’ ಎಂದು ಬರೆಯುವ ಮಗು ಅಜಾಗ್ರತೆಯಿಂದ ಬರೆಯುತ್ತಿಲ್ಲ. ಅದರ ಮನೆಯಲ್ಲಿ ಆ ಪದ ಇರುವುದೇ ಹಾಗೆ.

ಹಳೆಯ ಲಗ್ನಪತ್ರಿಕೆ ಕತ್ತರಿಸಿ 32 ಚೀಟಿ ಮಾಡಿ. ತೆಲುಗು ಪದಗಳನ್ನೂ ಕನ್ನಡ ಲಿಪಿಯಲ್ಲೇ ಕೆಂಪು ಶಾಯಿಯಲ್ಲಿ ಬರೆಯಿರಿ, ಕನ್ನಡದ್ದು ನೀಲಿ. ಆರು ಜೋಡಿ ‘ಪ’ ಹೋಗಿ ‘ಹ’ ಆಗುವವು: ಪಾಲು–ಹಾಲು, ಪುಲಿ–ಹುಲಿ, ಪಂದಿ–ಹಂದಿ, ಪಾಮು–ಹಾವು, ಪಂಡು–ಹಣ್ಣು, ಪುವ್ವು–ಹೂವು. ಆರು ಜೋಡಿ ಕೊನೆಗೆ ಏತ್ವ ಬರುವವು: ಕಥ–ಕಥೆ, ಭಾಷ–ಭಾಷೆ, ಪರೀಕ್ಷ–ಪರೀಕ್ಷೆ, ಶಿಕ್ಷ–ಶಿಕ್ಷೆ, ಸಂಖ್ಯ–ಸಂಖ್ಯೆ, ತಲ–ತಲೆ. ಉಳಿದ ನಾಲ್ಕರಲ್ಲಿ ‘ಪ’ ಬದಲಾಗಬಾರದು: ಪುಸ್ತಕಂ–ಪುಸ್ತಕ, ಪಾಠಂ–ಪಾಠ, ಪತ್ರಂ–ಪತ್ರ, ಪಟಂ–ಪಟ. ಈ ನಾಲ್ಕನ್ನು ಬಿಟ್ಟರೆ ಮಕ್ಕಳು ‘ಹಾಠ’, ‘ಹುಸ್ತಕ’ ಎಂದು ಬರೆಯತೊಡಗುತ್ತಾರೆ.

ಚೀಟಿಗಳನ್ನು ಬೋರಲು ಹಾಕಿ, ಸರದಿಯಂತೆ ಎರಡೆರಡು ತಿರುವಬೇಕು. ಜೋಡಿ ಸಿಕ್ಕಿದ ಕೂಡಲೇ ಚೀಟಿ ಕೊಡಬೇಡಿ. ಮತ್ತೆ ಬೋರಲು ಹಾಕಿಸಿ, ನೀಲಿ ಪದವನ್ನು ನೋಡದೆ ಬರೆದರೆ ಮಾತ್ರ ಚೀಟಿ ಅವರದ್ದು. ಈ ನಿಯಮ ಇಲ್ಲದಿದ್ದರೆ ಚೀಟಿ ಎಲ್ಲಿತ್ತು ಎಂಬ ನೆನಪಿನ ಬಲದಿಂದಲೇ ಗೆಲ್ಲುತ್ತಾರೆ, ಕಾಗುಣಿತ ಇದ್ದಲ್ಲೇ ಇರುತ್ತದೆ.

‘ಪಾಲು’ ಕನ್ನಡದಲ್ಲೂ ಇದೆ, ಅರ್ಥ ಬೇರೆ ಎಂದೂ ಹೇಳಿ. ಹಳಗನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’ಯೇ ಆಗಿತ್ತು. ಇದನ್ನು ಮಕ್ಕಳಿಗೆ ತಪ್ಪದೆ ತಿಳಿಸಿ. ತಮ್ಮ ಮನೆಮಾತು ಕನ್ನಡಕ್ಕೆ ದೂರದ್ದಲ್ಲ ಎಂದು ಗೊತ್ತಾದ ಮಗು ಧೈರ್ಯವಾಗಿ ಬಾಯಿ ಬಿಡುತ್ತದೆ.

ಸಿರಾ, ತುಮಕೂರು ಜಿಲ್ಲೆ:

‘ಹ’ಕಾರದ ತಪ್ಪು ತೆಲುಗಿನದಷ್ಟೇ ಅಲ್ಲ, ಕನ್ನಡವೇ ಮನೆಮಾತಾದ ನಮ್ಮ ಕಡೆಯ ಮಕ್ಕಳಲ್ಲೂ ಇದೆ. ಅಕ್ಕಿ–ಹಕ್ಕಿ, ಆಡು–ಹಾಡು, ಉಳಿ–ಹುಳಿ, ಅಲ್ಲಿ–ಹಲ್ಲಿ, ಈ ಜೋಡಿಗಳಲ್ಲಿ ಒಂದನ್ನು ಹೇಳಿ. ‘ಹ’ ಕೇಳಿದರೆ ಎದ್ದು ನಿಲ್ಲಬೇಕು, ‘ಅ’ ಆದರೆ ಕೂತಿರಬೇಕು. ಆಮೇಲೆ ಮಕ್ಕಳೇ ಹೇಳಲಿ, ಅಂಗೈಯನ್ನು ಬಾಯಿ ಮುಂದೆ ಹಿಡಿದು. ‘ಹ’ ಅಂದಾಗ ಉಸಿರು ಅಂಗೈಗೆ ತಾಕುತ್ತದೆ. ಕಲಿಸುವವರ ಬಾಯಲ್ಲಿ ‘ಹ’ ಬೀಳದಿದ್ದರೆ ಈ ಆಟಕ್ಕೆ ಅರ್ಥವಿಲ್ಲ.

ಅಂತ್ಯಾಕ್ಷರಿಗೆ ಮೂರು ನಿಯಮ ಸೇರಿಸಿ. ಕೊನೆಯ ಅಕ್ಷರದ ವ್ಯಂಜನ ಸಾಕು, ಗುಣಿತ ಯಾವುದಾದರೂ ಸರಿ. ‘ಳ’, ‘ಣ’ ಬಂದರೆ ಅದರ ಹಿಂದಿನ ಅಕ್ಷರ ಹಿಡಿಯಬೇಕು. ‘ಹಿಪ್ಪುನೇರಳೆ’ಗೆ ‘ರ’, ‘ಹಣ್ಣು’ವಿಗೆ ‘ಹ’. ನಾಮಪದ ಮಾತ್ರ ನಡೆಯುತ್ತದೆ, ಇಲ್ಲದಿದ್ದರೆ ‘ಓದುವುದು’, ‘ದುಡಿಯುವುದು’ ಎಂದು ‘ದ’ದ ಸುತ್ತಲೇ ಗಿರಕಿ ಹೊಡೆಯುತ್ತದೆ. ಹೇಳುವ ಮುಂಚೆ ಗುಂಪಿನವರೆಲ್ಲ ಸ್ಲೇಟಿನಲ್ಲಿ ಬರೆದಿರಬೇಕು.

ಬಾಗೇಪಲ್ಲಿ ಶಿಕ್ಷಕಿ:

ತುಂಬಾ ಉಪಯೋಗವಾಯಿತು. 24 ಮಕ್ಕಳಿಗೆ ಒಂದೇ ಚೀಟಿ ಕಟ್ಟು ಸಾಕಾಗುತ್ತದೆಯೇ? ಎರಡು ತರಗತಿಯವರನ್ನು ಬೆರೆಸಬಹುದೇ?

ಶ್ರೀನಿವಾಸಪುರದಿಂದ:

ಸಾಲದು. ನಾಲ್ವರ ಆರು ಗುಂಪು ಮಾಡಿ, ಮೂರು ಗುಂಪಿಗೆ ಚೀಟಿ, ಮೂರಕ್ಕೆ ಮನೆಗಳ ಆಟ. 15 ನಿಮಿಷಕ್ಕೆ ಅದಲುಬದಲು. ಮೂರು ಕಟ್ಟು, ಅಂದರೆ 96 ಚೀಟಿ. ಪ್ರತಿ ಗುಂಪಿನಲ್ಲಿ ಎರಡೂ ತರಗತಿಯ ಇಬ್ಬಿಬ್ಬರಿರಲಿ, ಆದರೆ ಬರೆಯುವ ಸರದಿ 4ನೇ ತರಗತಿಯವರಿಂದ ಶುರುವಾಗಲಿ. ದೊಡ್ಡವರು ಮೊದಲು ಬರೆದರೆ ಚಿಕ್ಕವರು ನೋಡಿಕೊಂಡು ಬರೆಯುತ್ತಾರೆ.